ಅಂಜಿನವ್ವನ ಪಥ್ಯ

ಗುತ್ತೂರಿನ ಅಂಜಿನವ್ವನ ಮನೆಯ ದೇವರುಗಳಿಗೆ ಆ ವರ್ಷ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿರಲಿಲ್ಲ. ಊರಿನ ಉಳಿದ ಮನೆಗಳ ದೇವರು ಬೆಳಗಿನ ಎಡೆ ಉಂಡು ಒಂದು ನಿದ್ದೆ ತೆಗೆದು ಏಳುವ ಹೊತ್ತಿಗೂ ಅಂಜಿನವ್ವನ ದೇವರಮನೆಯ ಜಗಲಿಯ ಮೇಲಿನ ಆಂಜನೇಯ ಮತ್ತು ಚೌಡಮ್ಮ ಬರೀ ರೊಟ್ಟಿಯ ವಾಸನೆ ಕುಡಿಯುತ್ತ ಕೂತಿರುತ್ತಿದ್ದರು. ದೇವರಿಗೆ ಎಡೆ ಹಿಡಿಯದೆ ಯಾರೂ ತುತ್ತು ಬಾಯಿಗಿಡುವ ರೂಢಿ ಆ ಮನೆಯಲ್ಲಿರಲಿಲ್ಲ. ಹಾಗಾಗಿ ದೇವರ ಜೊತೆ ಮನೆಯವರಿಗೂ ಉಪವಾಸ. ಪಾಳಿ ಮುಗಿಸಿ ಕಾರ್ಖಾನೆಯಿಂದ ಬಂದ ಮಗ ಕರಿಬಸವರಾಜ ಖಾಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೊರಗಿ ಹಾಗೇ ನಿದ್ದೆ ಹೋಗಿಬಿಡುತ್ತಿದ್ದ. ಸೊಸೆ ಆಶಾ ಹೇಳಬೇಕಾದದ್ದನ್ನೆಲ್ಲ ಅಡುಗೆಮನೆಯ ಪಾತ್ರೆಗಳ ಬಾಯಿಂದ ಹೇಳಿಸುತ್ತಿದ್ದಳು.

ಇದಕ್ಕೆ ಕಾರಣ ಮೊಮ್ಮಗಳು ಚೌಡೇಶ್ವರಿ. ಹದಿನಾರರ ಹುಡುಗಿ, ಹರಿಹರದ ಕಾಲೇಜಿನಲ್ಲಿ ಪಿಯುಸಿಯ ಮೊದಲ ವರ್ಷ. ಗೆಳತಿಯರ ಬಾಯಲ್ಲಿ ಈಶು, ಅಜ್ಜಿಯ ಬಾಯಲ್ಲಿ ಚೌಡವ್ವ. ಅಂಜಿನವ್ವನಿಗೆ ಮೊಣಕಾಲು ಹಿಡಿದುಕೊಂಡ ಮೇಲೆ ಜಗಲಿಯ ಪೂಜೆ ಮೊಮ್ಮಗಳ ಪಾಲಿಗೆ ಬಂದಿತ್ತು. ಮೊದಮೊದಲು ಹುಡುಗಿ ಕಾಲೇಜಿನ ಚೀಲ ಹೆಗಲಿಗೇರಿಸಿಕೊಂಡೇ ದೀಪ ಹಚ್ಚಿ, ಕೈಮುಗಿದು, ಬಸ್ಸಿಗೆ ಓಡುತ್ತಿದ್ದಳು. ಅಜ್ಜಿ, "ದೇವರೇನು ನಿನ್ನ ಬಸ್ಸಿನ ಕಂಡಕ್ಟ್ರೇನೇ, ನಿಂತಲ್ಲೇ ಕೈ ತೋರ್ಸಿ ಓಡಾಕೆ?" ಎಂದು ಬೈದಿದ್ದೂ ಉಂಟು.

ಆಮೇಲೆ ಯಾವಾಗಲೋ ಹುಡುಗಿ ಬದಲಾದಳು. ಪೂಜೆಗೆ ಮುಂಚೆ ಕೈ ತೊಳೆದವಳು ಬಾಗಿಲ ಕದ ತಾಕಿತೆಂದು ಮತ್ತೆ ತೊಳೆಯುತ್ತಿದ್ದಳು. ಬತ್ತಿ ಹಚ್ಚಿ, ಅದು ನೆಟ್ಟಗೆ ಉರಿಯಲಿಲ್ಲವೆಂದು ಆರಿಸಿ ಮತ್ತೆ ಹಚ್ಚುತ್ತಿದ್ದಳು. ಮಂತ್ರದ ನಡುವೆ ಮನಸ್ಸು ಬೇರೆ ಕಡೆ ಹೋಯಿತೆನಿಸಿದರೆ ಮೊದಲಿನಿಂದ ಹಿಡಿಯುತ್ತಿದ್ದಳು. ಎಲ್ಲ ಮುಗಿದ ಮೇಲೆ ಹೊರಗೆ ಬಂದು, ಕಣ್ಣಲ್ಲಿ ಕಣ್ಣಿಟ್ಟು ಕೇಳುವಳು:

"ಅಜ್ಜಿ, ಸರಿ ಆತಾ?"

"ಸರಿ ಆತವ್ವ, ನನ್ನ ಬಂಗಾರ."

"ಖರೆ ಹೇಳು. ಸರಿ ಆತಾ?"

"ಖರೇನೇ ಸರಿ ಆತವ್ವ."

ಆ ಮಾತು ಕೇಳಿದಾಗ ಹುಡುಗಿಯ ಮುಖ ಕೊಂಚ ಸಡಿಲವಾಗುತ್ತಿತ್ತು. ಸ್ವಲ್ಪ ಹೊತ್ತಿಗೆಲ್ಲ ಮತ್ತೆ ಒಳಗೆ ಹೋಗಿ ಬತ್ತಿ ನೋಡಿ ಬರುವಳು.

ಅಂಜಿನವ್ವನಿಗಂತೂ ಮನಸ್ಸು ತುಂಬಿ ಬಂದಿತ್ತು. ಆ ತಾಯಿಗೆ ದೇವರೆಂದರೆ ಪ್ರಾಣ. ಬದುಕಿನಲ್ಲಿ ಯಾವುದರ ಬಗ್ಗೆಯೂ ಜಂಬ ಪಟ್ಟವಳಲ್ಲ. ಪಡುವುದಕ್ಕೆ ಹೆಚ್ಚೇನೂ ಸಿಕ್ಕಿರಲೂ ಇಲ್ಲ. ಈಗ ಸಿಕ್ಕಿದ ಒಂದೇ ಒಂದು ಜಂಬವನ್ನು ಹೊಸ ಸೀರೆಯ ಹಾಗೆ ಉಟ್ಟುಕೊಂಡು ಊರೆಲ್ಲ ತಿರುಗಿದಳು. ಮಹಿಳಾ ಸಂಘದ ಸಭೆಯಲ್ಲಿ, "ನಿಮ್ಮ ಮಕ್ಕಳು ಮೊಬೈಲ್ ಒರೆಸ್ತಾ ಕುಂತಿರ್ತಾವೆ. ನಮ್ಮ ಚೌಡವ್ವ ದೇವರ ಮುಂದೆ ಕುಂತ್ರೆ ಎದ್ದೇಳೋದೇ ಇಲ್ಲ. ಹೆಸರು ಸುಮ್ನೆ ಬಿದ್ದೈತೇನು?" ಎಂದಳು. ಸಂಘದವರು ಹೂಂ ಎಂದರು. ಹೂಂ ಅನ್ನದಿದ್ದರೆ ಅಂಜಿನವ್ವ ಮತ್ತೆ ಮೊದಲಿನಿಂದ ಹೇಳುತ್ತಾಳೆಂದು ಅವರಿಗೆ ಗೊತ್ತಿತ್ತು.

ಮಾತು ಹಬ್ಬಿ, ಎದುರುಮನೆಯ ವೀರೇಶನ ತಾಯಿ ಮಗನ ಪರೀಕ್ಷೆಯ ಹಾಲ್ ಟಿಕೆಟ್ಟನ್ನೇ ತಂದು, "ನಿಮ್ಮ ಚೌಡವ್ವನ ಕೈಲಿ ಒಂದಿಷ್ಟು ಕುಂಕುಮ ಹಚ್ಚಿಸ್ರಿ" ಎಂದಳು. ಚೌಡೇಶ್ವರಿ ಹಚ್ಚಿದಳು. ಹಚ್ಚಿದ್ದು ಸೊಟ್ಟಗಾಯಿತೆಂದು ಒರೆಸಿ ಮತ್ತೆ ಹಚ್ಚಿದಳು. ಹಾಲ್ ಟಿಕೆಟ್ಟಿನಲ್ಲಿ ವೀರೇಶನ ಭಾವಚಿತ್ರ ಕೆಂಪಗಾಗಿ ಗುರುತು ಸಿಗದಂತಾಯಿತು. "ಅಮ್ಮಾ, ಇದರಾಗೆ ನಾನು ಎಲ್ಲಿದ್ದೀನಿ?" ಎಂದು ವೀರೇಶ ಅಳುಮುಖ ಮಾಡಿಕೊಂಡು ಕಾಲೇಜಿಗೆ ಇನ್ನೊಂದು ಪ್ರತಿ ತರಲು ಹೋದ.

ಆಶಾಳಿಗೆ ಮಾತ್ರ ಇದರಲ್ಲಿ ನಗು ಕಾಣಲಿಲ್ಲ. ಅವಳು ಕಂಡದ್ದು ಬೇರೆ. ಸಾಬೂನು ಬೆಣ್ಣೆಯಂತೆ ಕರಗುತ್ತಿತ್ತು. ಮಗಳ ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು. ಆ ಬೆರಳಿಗೆ ಅಜ್ಜಿ ಕೊಬ್ಬರಿಎಣ್ಣೆ ಸವರುತ್ತ, "ಪೂಜೆ ಮಾಡಿ ಸವೆದ ಕೈ" ಎಂದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

"ಅತ್ತೇ, ಕಾಲೇಜಿಂದ ಫೋನ್ ಬಂದಿತ್ತು," ಎಂದಳು ಆಶಾ ಒಂದು ದಿನ. "ಇವಳು ದಿನಾ ಬಸ್ ತಪ್ಪಿಸ್ಕೊತಾಳೆ. ಹಾಜರಿ ಹಿಂಗೇ ಆದ್ರೆ ಪರೀಕ್ಷೆಗೆ ಕೂಡಿಸಲ್ಲ ಅಂದ್ರು. ಇದು ಪೂಜೆ ಅಲ್ರಿ ಅತ್ತೆ, ಬೇರೆ ಏನೋ ಐತೆ."

"ನಿಂಗೆ ದೇವರು ಅಂದ್ರೆ ಮೊದಲಿಂದ್ಲೂ ಅಷ್ಟಕ್ಕಷ್ಟೇ," ಎಂದಳು ಅಂಜಿನವ್ವ. "ಹುಡುಗಿ ಮೊಬೈಲ್ ಹಿಡ್ಕೊಂಡು ಕುಂತಿದ್ರೆ ಒಂದು ಮಾತು. ದೇವರ ಮುಂದೆ ಕುಂತ್ರೂ ತಪ್ಪೇನವ್ವ?"

"ಕುಂತಿದ್ದಕ್ಕಲ್ರಿ. ಎದ್ದು ಬರಾಕೆ ಆಗ್ತಿಲ್ಲ ಅವಳಿಗೆ, ಅದಕ್ಕೆ ಹೇಳ್ತಿರೋದು."

ಆ ಮಾತು ಅತ್ತೆಯ ಕಿವಿಗೆ ಬಿತ್ತು. ಒಳಗಿಳಿಯುವುದಕ್ಕೆ ಇನ್ನೂ ಒಂದು ಮದುವೆ ತಪ್ಪಬೇಕಾಗಿತ್ತು.

ಮಲೆಬೆನ್ನೂರಿನಲ್ಲಿ ಅಂಜಿನವ್ವನ ತಮ್ಮನ ಮಗಳ ಮದುವೆ. ಮನೆಮಂದಿಯೆಲ್ಲ ಹೊಸ ಬಟ್ಟೆ ಹಾಕಿಕೊಂಡು ಅಂಗಳದಲ್ಲಿ ನಿಂತಾಗಿತ್ತು. ಬಸ್ ನಿಲ್ದಾಣಕ್ಕೆ ಹೋಗಲು ಕರೆಸಿದ ಆಟೋ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಚೌಡೇಶ್ವರಿ ಮಾತ್ರ ಜಗಲಿಯ ಮುಂದಿಂದ ಏಳಲಿಲ್ಲ. ಬತ್ತಿ ಹಚ್ಚುವಳು, ನೋಡುವಳು, ಆರಿಸುವಳು. ಹಾರ್ನ್ ಕೇಳಿದಾಗಲೆಲ್ಲ ಮಂತ್ರ ತಪ್ಪಿ ಮೊದಲಿಗೆ ಬರುವಳು.

ಜರಿಯಂಚಿನ ಸೀರೆ ಉಟ್ಟ ಅಂಜಿನವ್ವ ಮೊಣಕಾಲು ಹಿಡಿದುಕೊಂಡು ಒಳಗೆ ಬಂದಳು. "ಸಾಕೇಳವ್ವ. ದೇವರಿಗೂ ನಿನ್ನ ಮುಖ ನೋಡಿ ನೋಡಿ ಬ್ಯಾಸರ ಬಂದಿರ್ತೈತೆ," ಎಂದು ನಗುತ್ತ ರಟ್ಟೆ ಹಿಡಿದಳು.

ಹುಡುಗಿ ಕೊಸರಿಕೊಂಡಳು. "ಮುಟ್ಟಬ್ಯಾಡ! ಮತ್ತೆ ಮೊದಲಿಂದ ಮಾಡ್ಬೇಕು ಈಗ!"

"ಬಿಟ್ಟರಾತು ಬಿಡೇ, ಒಂದು ದಿನ."

"ಬಿಟ್ರೆ ನೀನು ಸಾಯ್ತೀಯಾ ಅಜ್ಜಿ!"

ಹೊರಗೆ ಆಟೋದವನು ಹಾರ್ನ್ ಹೊಡೆಯುವುದನ್ನು ನಿಲ್ಲಿಸಿದ. ಚೌಡೇಶ್ವರಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಆಡಿದ ಮಾತು ವಾಪಸ್ಸು ಒಳಗೆ ಹೋಗುವುದೇನೋ ಎಂಬಂತೆ. ಆಮೇಲೆ ಬಿಕ್ಕುತ್ತ ಬಿಕ್ಕುತ್ತ ಎಲ್ಲ ಹೇಳಿದಳು. ಬತ್ತಿ ನೆಟ್ಟಗೆ ಉರಿಯದಿದ್ದರೆ, ಮಂತ್ರ ತಪ್ಪಿದರೆ, ಕೈ ಮೈಲಿಗೆಯಾಗಿದ್ದರೆ ಅಜ್ಜಿ ಸಾಯುತ್ತಾಳೆಂದು ಮನಸ್ಸಿಗೆ ಹೊಳೆಯುತ್ತದೆ. ಮೊದಲ ಸಲ ಹೊಳೆದದ್ದು ಅಜ್ಜಿ ಮೊಣಕಾಲು ನೋವೆಂದು ನೆಲಕ್ಕೆ ಕುಸಿದ ದಿನ. "ಸುಳ್ಳು ಅಂತ ನಂಗೇ ಗೊತ್ತಜ್ಜಿ. ನಗು ಬರೋವಷ್ಟು ಸುಳ್ಳು. ಆದ್ರೂ ಬಿಡಲ್ಲ ಅದು. ನೀನು ಸರಿ ಆತು ಅಂದ್ರೆ ಒಂದು ಗಳಿಗೆ ಸುಮ್ನಿರ್ತೈತೆ. ಆಮೇಲೆ ಮತ್ತೆ ಬರ್ತೈತೆ."

ಅಂಜಿನವ್ವ ಜರಿಸೀರೆಯಲ್ಲೇ ನೆಲದ ಮೇಲೆ ಕೂತುಬಿಟ್ಟಳು. ತಾನು ಊರಿಗೆಲ್ಲ ಸಾರಿಕೊಂಡು ಬಂದದ್ದು ಭಕ್ತಿಯಾಗಿರಲಿಲ್ಲ. ತನ್ನ ಪ್ರಾಣಕ್ಕೆ ಈ ಕೂಸೊಂದೇ ಕಾವಲು ಕೂತಿತ್ತು. ಕಾವಲು ಕಾಯುವವಳ ಬೆರಳು ಒಡೆದು ರಕ್ತ ಬರುತ್ತಿದ್ದರೆ, ತಾನು ಎಣ್ಣೆ ಸವರಿ ಮತ್ತೆ ಕಾವಲಿಗೇ ಕಳಿಸುತ್ತಿದ್ದಳು.

ಮಲೆಬೆನ್ನೂರಿನ ಮದುವೆ ಇವರಿಲ್ಲದೆಯೇ ನಡೆಯಿತು.

ಮರುದಿನ ಅಂಜಿನವ್ವ, "ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಗದ್ದಿಗೆಗೆ ನಡ್ಕೊಂಡು ಬರಾಣ" ಎಂದಳು. ಆಶಾ ಜಗಳಕ್ಕೆ ಬರುತ್ತಾಳೆಂದು ಅವಳು ಸೆರಗು ಬಿಗಿದು ಸಿದ್ಧವಾಗಿಯೇ ಕೂತಿದ್ದಳು. ಆಶಾ ಮಾತ್ರ, "ಹೋಗಾಣ್ರಿ ಅತ್ತೆ, ಅಜ್ಜಯ್ಯ ಎಲ್ಲಿಗೂ ಹೋಗಲ್ಲ, ಅಲ್ಲೇ ಇರ್ತಾನೆ. ಡಾಕ್ಟ್ರು ಸಂಜೆಗೆ ಬಾಗಿಲು ಹಾಕ್ತಾರೆ. ಮೊದಲು ದಾವಣಗೆರೆಗೆ ಹೋಗಾಣ" ಎಂದಳು. ಕಾಲೇಜಿನ ಉಪನ್ಯಾಸಕಿಯೊಬ್ಬರು ಅವಳಿಗೆ ನಿಜಲಿಂಗಪ್ಪ ಬಡಾವಣೆಯ ಮನೋವೈದ್ಯೆಯೊಬ್ಬರ ವಿಳಾಸ ಕೊಟ್ಟಿದ್ದರು. ಡಾಕ್ಟರ್ ಹುಮಾ.

ಆಸ್ಪತ್ರೆಯ ಕಟ್ಟಡದಲ್ಲಿ ಮೇಲೆ ಹಲ್ಲಿನ ಡಾಕ್ಟರು, ಕೆಳಗೆ ಮನಸ್ಸಿನ ಡಾಕ್ಟರು. ಅಂಜಿನವ್ವ ಗುತ್ತೂರಿನ ಯಾರ ಕಣ್ಣಿಗೂ ಬೀಳಬಾರದೆಂದು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಒಳಗೆ ಹೋದಳು. ಹೋಗಿ ಕೂತ ಬೆಂಚಿನ ಇನ್ನೊಂದು ತುದಿಯಲ್ಲಿ ಮತ್ತೊಬ್ಬಳು ಅಷ್ಟೇ ಸೆರಗು ಎಳೆದುಕೊಂಡು ಕೂತಿದ್ದಳು. ಇಬ್ಬರೂ ಒಂದೇ ಗಳಿಗೆಯಲ್ಲಿ ಸೆರಗು ಸರಿಸಿ ನೋಡಿದರು. ವೀರೇಶನ ತಾಯಿ! ಪಕ್ಕದಲ್ಲಿ ವೀರೇಶ.

"ಹಲ್ಲು," ಎಂದಳು ವೀರೇಶನ ತಾಯಿ, ಕೇಳುವ ಮೊದಲೇ.

"ನಮ್ದೂ ಹಲ್ಲೇ," ಎಂದಳು ಅಂಜಿನವ್ವ. ಅವಳ ಬಾಯಲ್ಲಿ ಹಲ್ಲು ಹೋಗಿ ಎಷ್ಟು ಕಾಲವಾಯಿತೆಂಬುದು ಇಡೀ ಗುತ್ತೂರಿಗೆ ಗೊತ್ತಿತ್ತು.

ವೀರೇಶ ಚೌಡೇಶ್ವರಿಯ ಕಡೆ ನೋಡಿ, "ನಂಗೆ ಪರೀಕ್ಷೆ ಅಂದ್ರೆ ನಿದ್ದೆ ಬರಲ್ಲ, ಎದೆ ಡವಡವ ಅಂತೈತೆ. ಎರಡನೇ ಸಲ ಬರ್ತಿರೋದು. ಚೆನ್ನಾಗಿ ಮಾತಾಡ್ತಾರೆ, ಹೆದರಬ್ಯಾಡ," ಎಂದ. ಇಬ್ಬರು ಹೆಂಗಸರೂ ಗೋಡೆ ನೋಡುತ್ತ ಕೂತರು.

ಡಾಕ್ಟರ್ ಹುಮಾ ಮೊದಲು ಚೌಡೇಶ್ವರಿಯೊಬ್ಬಳನ್ನೇ ಒಳಗೆ ಕರೆದರು. ಬಹಳ ಹೊತ್ತಿನ ಮೇಲೆ ಅಜ್ಜಿಯನ್ನೂ ತಾಯಿಯನ್ನೂ ಕರೆದರು. "ಬರ್ರಿ, ಕೂಡ್ರಿ ಅಜ್ಜಿ." ತಲೆಯ ಮೇಲೆ ತಿಳಿನೀಲಿ ದುಪಟ್ಟ, ನಗುವ ಕಣ್ಣು.

"ಇದಕ್ಕೆ ಗೀಳು ಕಾಯಿಲೆ ಅಂತಾರೆ," ಎಂದರು ಹುಮಾ. "ಬೇಡದ ಯೋಚನೆ ಬಂದು ಮನಸ್ಸಿಗೆ ಅಂಟ್ಕೊಂಡುಬಿಡುತ್ತೆ. ಅದನ್ನು ಸುಮ್ಮನಿರಿಸೋಕೆ ತೊಳೆಯೋದು, ಮತ್ತೆ ಮತ್ತೆ ಮಾಡೋದು, ಕೇಳೋದು. ಈ ವಯಸ್ಸಿನ ಬಹಳ ಮಕ್ಕಳಲ್ಲಿ ಶುರುವಾಗುತ್ತೆ. ಇವಳ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ವಾಸಿ ಮಾಡೋ ದಾರಿಗಳು ಚೆನ್ನಾಗಿವೆ."

ಅಂಜಿನವ್ವ ಮುಂದಕ್ಕೆ ಬಾಗಿದಳು. "ಹಂಗಾರೆ ಭಕ್ತಿ ಅಂದ್ರೆ ಕಾಯಿಲೇನಾ ಡಾಕ್ಟ್ರವ್ವ?"

"ನಿಮ್ಮನ್ನೇ ಕೇಳ್ತೀನಿ ಅಜ್ಜಿ. ನೀವು ಪೂಜೆ ಮುಗಿಸಿ ಎದ್ದಾಗ ಒಳಗೆ ಹೆಂಗಿರುತ್ತೆ?"

"ತಣ್ಣಗಿರ್ತೈತೆ. ಹೊಳೆಯಾಗೆ ಕಾಲಿಟ್ಟಂಗೆ."

"ನಿನಗಮ್ಮ?" ಎಂದರು ಹುಡುಗಿಗೆ.

ಚೌಡೇಶ್ವರಿ ತನ್ನ ಒಡೆದ ಬೆರಳು ನೋಡಿಕೊಂಡಳು. "ಹೆದರಿಕೆ. ಪರೀಕ್ಷೆ ಹಾಲಿನಿಂದ ಹೊರಗೆ ಬಂದಂಗೆ. ಯಾವುದೋ ಪ್ರಶ್ನೆ ಬಿಟ್ಟು ಬಂದೀನಿ ಅಂತ."

"ಹಂಗಾದ್ರೆ ಇದು ಭಕ್ತಿ ಅಲ್ಲ ಅಜ್ಜಿ. ಹೆದರಿಕೆ ಭಕ್ತಿಯ ವೇಷ ಹಾಕ್ಕೊಂಡು ಕೂತಿದೆ. ನಮ್ಮ ನಾನಿ, ಅಂದ್ರೆ ಅಮ್ಮನ ಅಮ್ಮ, ಸುಗ್ರಾಬಿ ಅಂತ ಇದ್ರು. ನಮಾಜಿಗೆ ಮೊದಲು ಕೈಕಾಲು ಮುಖ ತೊಳೀತೀವಲ್ಲ, ವಜೂ ಅಂತೀವಿ. ನಾನಿ ತೊಳೆಯಾಕೆ ಕೂತ್ರೆ ತೊಳೆದದ್ದೇ ತೊಳೆದದ್ದು. ತೊಟ್ಟಿ ಖಾಲಿ, ನಮಾಜಿನ ಹೊತ್ತೂ ಖಾಲಿ. ಸರಿಯಾಗಿ ತೊಳೆದ್ನೋ ಇಲ್ವೋ ಅಂತ ಸಂಶಯ. ನಮ್ಮಲ್ಲಿ ಅದಕ್ಕೆ ವಸ್‌ವಾಸ್ ಅಂತ ಹೆಸರೇ ಇದೆ. ಆದ್ರೂ ಮನೆಯವರೆಲ್ಲ 'ಎಂಥಾ ಶ್ರದ್ಧೆ' ಅಂತ ಹೊಗಳಿದ್ರು. ಹೊಗಳಿದಷ್ಟೂ ನಾನಿ ಹೆಚ್ಚು ತೊಳೆದ್ರು."

ಅಂಜಿನವ್ವ ಸೆರಗನ್ನು ಮತ್ತೆ ಮೂಗಿನವರೆಗೆ ಎಳೆದುಕೊಂಡಳು. ಈ ಸಲ ಅದು ಗುತ್ತೂರಿನವರ ಕಣ್ಣು ತಪ್ಪಿಸುವುದಕ್ಕಲ್ಲ.

ಹುಮಾ ದಾರಿ ಹೇಳಿದರು. ಒಂದು, ಅಭ್ಯಾಸದ ಚಿಕಿತ್ಸೆ. ಏಣಿ ಹತ್ತಿದ ಹಾಗೆ. ಕೆಳಗಿನ ಮೆಟ್ಟಿಲಲ್ಲಿ ಸಣ್ಣ ಹೆದರಿಕೆ: ಜಗಲಿಯ ಮೇಲೆ ಒಂದು ಹೂವನ್ನು ಬೇಕೆಂದೇ ಸೊಟ್ಟಗೆ ಇಡುವುದು, ಇಟ್ಟು ಸರಿಮಾಡದೆ ಬರುವುದು. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಬಿಟ್ಟರೆ ತಾನೇ ಇಳಿಯುತ್ತದೆ. ಅದು ಇಳಿಯುವುದನ್ನು ಮನಸ್ಸು ಕಣ್ಣಾರೆ ಕಾಣಬೇಕು. ಆಮೇಲೆ ಮೇಲಿನ ಮೆಟ್ಟಿಲು: ಕೈ ಒಂದೇ ಸಲ ತೊಳೆಯುವುದು, ಬತ್ತಿ ಒಂದೇ ಸಲ ಹಚ್ಚುವುದು. ಏಣಿಯ ತುದಿಯಲ್ಲಿ, ಸರಿ ಆಯಿತೇ ಎಂದು ಯಾರನ್ನೂ ಕೇಳದೆ ಬಸ್ಸು ಹತ್ತುವುದು. ಇಷ್ಟರಿಂದ ಸಾಲದೆ ಹೋದರೆ ಗುಳಿಗೆಯೂ ಉಂಟು. ಅದು ಮಂಕು ಮಾಡುವ ಗುಳಿಗೆಯಲ್ಲ, ಹೆದರಿಕೆಯ ದನಿ ತಗ್ಗಿಸುವಂಥದ್ದು. ತಾವೇ ನೋಡಿ ನೋಡಿ ಕೊಡುವುದಾಗಿಯೂ, ತಮ್ಮನ್ನು ಕೇಳದೆ ನಿಲ್ಲಿಸಬಾರದೆಂದೂ ಹೇಳಿದರು.

"ಇನ್ನು ಅಜ್ಜಿ, ನಿಮಗೊಂದು ಪಥ್ಯ."

"ನನಗಾ? ನನಗೇನಾಗೈತೆ?"

"ಇವಳು ಬಂದು 'ಸರಿ ಆತಾ' ಅಂತ ಕೇಳಿದ್ರೆ ನೀವು 'ಸರಿ ಆತು' ಅನ್ನಂಗಿಲ್ಲ. ನೀವು ಹಂಗಂದಾಗೆಲ್ಲ ಹೆದರಿಕೆಗೆ ಒಂದು ತುತ್ತು ಉಣ್ಣಿಸಿದಂಗೆ. ಅದು ಉಂಡು ಬಲೀತೈತೆ. 'ಗೊತ್ತಿಲ್ಲ' ಅನ್ರಿ."

ಅಂಜಿನವ್ವನ ಮುಖ ನೋಡುವಂತಿತ್ತು. ಉಪವಾಸ ಮಾಡೆಂದರೆ ಮಾಡಿಯಾಳು. ಮೊಣಕಾಲು ನೋವಲ್ಲೂ ಹರಿಹರೇಶ್ವರನ ಗುಡಿ ಸುತ್ತೆಂದರೆ ಸುತ್ತಿಯಾಳು. ಅಳುವ ಮೊಮ್ಮಗಳ ಮುಂದೆ ನಿಂತು 'ಗೊತ್ತಿಲ್ಲ' ಅನ್ನುವುದೇ? "ಕಷ್ಟದ್ದು ಹೇಳಿದ್ರಿ ಡಾಕ್ಟ್ರವ್ವ," ಎಂದಳು. "ಬೆಲ್ಲ ಬಿಡು ಅನ್ನಬಾರದಾಗಿತ್ತಾ?"

ಪಥ್ಯ ಮುರಿಯುವುದಕ್ಕೆ ಬಹಳ ದಿನ ಬೇಕಾಗಲಿಲ್ಲ. ಮರುದಿನವೇ ಚೌಡೇಶ್ವರಿ ಬಂದು, "ಅಜ್ಜಿ, ಸರಿ ಆತಾ?" ಎಂದಳು. ಅಂಜಿನವ್ವ ಪಾಠ ಒಪ್ಪಿಸುವ ಮಕ್ಕಳ ಹಾಗೆ, "ಗೊತ್ತಿಲ್ಲವ್ವ" ಎಂದಳು. ಅನ್ನುತ್ತಲೇ ತಲೆಯನ್ನು ಮೇಲಿಂದ ಕೆಳಗೆ ಚೆನ್ನಾಗಿ ಆಡಿಸಿದಳು. ಹುಡುಗಿ ತಲೆಯನ್ನು ನಂಬಿ ಹೋದಳು. ಹೀಗೇ ಕೆಲವು ದಿನ ನಡೆದು, ಮುಂದಿನ ಸಲ ದಾವಣಗೆರೆಗೆ ಹೋದಾಗ ಹುಮಾ ಎಲ್ಲ ಕೇಳಿ ನಕ್ಕರು. "ಅಜ್ಜಿ, ಬಾಯಿ ಪಥ್ಯ ಮಾಡ್ತಾ ಐತೆ. ತಲೆ ಕದ್ದು ತಿಂತಾ ಐತೆ."

ಆಮೇಲೆ ಅಂಜಿನವ್ವ ಪೂಜೆ ಮುಗಿಯುವ ಹೊತ್ತಿಗೆ ಹಿತ್ತಿಲಿಗೆ ಹೋಗಿ ಕೋಳಿಗಳ ನಡುವೆ ಅಡಗಿ ಕೂರತೊಡಗಿದಳು. ಮೊಮ್ಮಗಳು ಅಲ್ಲಿಗೂ ಹುಡುಕಿಕೊಂಡು ಬಂದಳು. ಕೋಳಿಗಳು ಕೊಕ್ಕೊಕ್ಕೋ ಎಂದವು. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ನಗುವ ದಿನಗಳಷ್ಟೇ ಇರಲಿಲ್ಲ. ಒಂದು ಸಂಜೆ ದೀಪ ಹಚ್ಚಿದ ಮೇಲೆ ಚೌಡೇಶ್ವರಿ ಬಂದು ಕೇಳಿದಳು. ಅಂಜಿನವ್ವ ಈ ಸಲ ತಲೆಯನ್ನೂ ಗಟ್ಟಿ ಹಿಡಿದು, "ಗೊತ್ತಿಲ್ಲವ್ವ" ಎಂದಳು. ಹುಡುಗಿ ಮತ್ತೆ ಕೇಳಿದಳು. ಬೇಡಿದಳು. ಅಜ್ಜಿಯ ಗಲ್ಲ ಹಿಡಿದು, "ಒಂದೇ ಒಂದು ಸಲ ಹೇಳಜ್ಜಿ, ನಾಳೆಯಿಂದ ಕೇಳಲ್ಲ" ಎಂದಳು. ಕೊನೆಗೆ ಸಿಟ್ಟಾಗಿ, "ನೀನು ಸತ್ರೆ ನನ್ನ ಮೇಲೆ ಬರ್ತೈತೆ, ನಿಂಗೇನು!" ಎಂದು ಕಿರುಚಿ ನೆಲಕ್ಕೆ ಮುಖ ಮಾಡಿ ಅತ್ತಳು. ಒಂದು ಮಾತು ಸಾಕಿತ್ತು. ಅಂಜಿನವ್ವನ ನಾಲಿಗೆಯ ತುದಿಯಲ್ಲೇ ಇತ್ತು ಅದು. ಅವಳು ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡು, ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ಕೂತಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಎದ್ದೂ ಹೋಗಲಿಲ್ಲ.

ಕತ್ತಲಾಗುತ್ತ ಬಂದಂತೆ ಬಿಕ್ಕು ಕಡಿಮೆಯಾಯಿತು. ಹೊಳೆಯ ನೆರೆ ಇಳಿಯುವಂತೆ ಆ ಬೆನ್ನು ಸಡಿಲವಾಗುವುದು ಅಜ್ಜಿಯ ಅಂಗೈಗೆ ತಿಳಿಯಿತು. "ಇಳೀತಜ್ಜಿ," ಎಂದಳು ಹುಡುಗಿ, ತನಗೇ ನಂಬಿಕೆಯಾಗದವಳಂತೆ. "ನೀನು ಹೇಳಲೇ ಇಲ್ಲ. ಆದ್ರೂ ಇಳೀತು."

ಅಂಜಿನವ್ವನಿಗೆ ಆಗ ಒಂದು ಯೋಚನೆ ಬಂತು. ಇಷ್ಟು ವರ್ಷ ತಾನು ಹಚ್ಚಿದ ದೀಪಗಳಲ್ಲಿ ಯಾವುದು ದೇವರಿಗೆ ಒಪ್ಪಿಗೆಯಾಯಿತು, ಯಾವುದು ಆಗಲಿಲ್ಲ ಎಂದು ತನಗಾದರೂ ಗೊತ್ತಿದೆಯೇ? ಗೊತ್ತಿಲ್ಲ. ಯಾರೂ ಬಂದು ಹೇಳಿಲ್ಲ. ಗೊತ್ತಿಲ್ಲದೆಯೇ ಹಚ್ಚಿದಳು, ಕೈಮುಗಿದಳು, ಎದ್ದು ರೊಟ್ಟಿ ಬಡಿದಳು. ಡಾಕ್ಟ್ರವ್ವ ಹೇಳಿಕೊಟ್ಟ ಮಾತು ಸುಳ್ಳಲ್ಲವಲ್ಲ, ತಾನು ದಿನವೂ ಬದುಕಿಕೊಂಡು ಬಂದ ಮಾತೇ ಅದು. ಅಂದಿನಿಂದ ಪಥ್ಯ ಅಷ್ಟು ಕಹಿಯಾಗಲಿಲ್ಲ.

ಅಷ್ಟು ಕಹಿಯಾಗಲಿಲ್ಲ, ನಿಜ. ಬಾಯಿ, ತಲೆ ಎರಡೂ ಪಥ್ಯ ಹಿಡಿದಿದ್ದವು, ಕೈಯ ಕಡೆಯಿಂದ ಮಾತ್ರ ಒಂದು ತೊಂದರೆ ಉಳಿದಿತ್ತು. ಚೌಡೇಶ್ವರಿ ಎದೆ ಗಟ್ಟಿ ಮಾಡಿಕೊಂಡು ಆಂಜನೇಯನ ತಲೆಯ ಮೇಲೆ ದಾಸವಾಳವನ್ನು ಸೊಟ್ಟಗೆ ಇಟ್ಟು ಬರುವಳು. ಸಂಜೆಗೆ ನೋಡಿದರೆ ಹೂವು ನೆಟ್ಟಗೆ ಕೂತಿರುವುದು. ಮತ್ತೆ ಸೊಟ್ಟಗೆ ಇಡುವಳು, ಮತ್ತೆ ನೆಟ್ಟಗಾಗುವುದು. ಹುಡುಗಿಗೆ ಅನುಮಾನ ಬಂತು. ಒಂದು ಮಧ್ಯಾಹ್ನ ಬಾಗಿಲ ಮರೆಯಲ್ಲಿ ನಿಂತಳು. ಅಂಜಿನವ್ವ ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದು, ಆಚೀಚೆ ನೋಡಿ, ಬೆರಳ ತುದಿಯಿಂದ ಹೂವನ್ನು ತಿರುಗಿಸಿ, "ಈಗ ಕಾಣ್ತಿ ನೋಡಪ್ಪ ಹನುಮಂತ" ಎಂದಳು.

"ಅಜ್ಜೀ!"

ಅಂಜಿನವ್ವ ಬೆಣ್ಣೆ ಕದ್ದ ಹುಡುಗನ ಹಾಗೆ ಕೈ ಹಿಂದಕ್ಕೆಳೆದುಕೊಂಡಳು.

"ಅಮ್ಮಾ, ಬಾ ಇಲ್ಲಿ! ಹುಮಾ ಮೇಡಂಗೆ ಫೋನ್ ಹಚ್ಚು. ಇನ್ನೊಬ್ರು ಪೇಷಂಟ್ ಅದಾರೆ ಮನೇಲಿ!"

"ಗಾಳಿಗೆ ಬೀಳ್ತಿತ್ತವ್ವ, ಹಿಡ್ಕೊಂಡೆ."

"ಫ್ಯಾನೇ ಇಲ್ಲ, ಎಲ್ಲಿಂದ ಬಂತು ಗಾಳಿ? ಸೊಟ್ಟ ಮಾಡು. ನೀನೇ ಮಾಡು. ಎದೆ ಡವಡವ ಅಂತೈತಾ? ಅನ್ಲಿ. ಬಿಟ್ರೆ ತಾನೇ ಇಳೀತೈತೆ."

ಅಂಜಿನವ್ವ ಒಂದೇ ಬೆರಳಿಂದ ಹೂವನ್ನು ಸೊಟ್ಟ ಮಾಡಿದಳು. ಅಡುಗೆಮನೆಯಿಂದ ಬಂದ ಆಶಾ ಬಾಗಿಲಲ್ಲೇ ನಿಂತು ನಗುತ್ತಿದ್ದಳು. ಚೌಡೇಶ್ವರಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಆ ಮನೆಯಲ್ಲಿ ಆ ನಗು ಕೇಳಿ ಬಹಳ ಕಾಲವಾಗಿತ್ತು. ಹನುಮಂತ ಸೊಟ್ಟ ಹೂವಿನಲ್ಲಿ ಓರೆ ಪೇಟ ಸುತ್ತಿದ ಮದುಮಗನಂತೆ ಕಾಣುತ್ತಿದ್ದ. ಅವನಿಗೇನೂ ಬೇಸರವಾದಂತಿರಲಿಲ್ಲ.

ಏಣಿ ಹತ್ತುವಾಗ ಹುಡುಗಿ ಜಾರಿದ್ದೂ ಉಂಟು. ಒಂದು ವಾರ ಚೆನ್ನಾಗಿದ್ದು ಮರುವಾರ ಮತ್ತೆ ಸಾಬೂನು ಕರಗಿತು. ಹುಮಾ ಒಂದು ಸಣ್ಣ ಗುಳಿಗೆ ಶುರು ಮಾಡಿದರು. ಅಂಜಿನವ್ವ ಅದನ್ನು ಜಗಲಿಯ ಮುಂದಿಟ್ಟು ಕೈಮುಗಿದು ಆಮೇಲೆ ಮೊಮ್ಮಗಳಿಗೆ ಕೊಟ್ಟಳು. ಆಶಾ ನೀರಿನ ಲೋಟ ತಂದಳು. ಹಾಜರಿಯ ವಿಷಯಕ್ಕೆ ಹುಮಾ ಬರೆದುಕೊಟ್ಟ ಚೀಟಿಯನ್ನು ಕರಿಬಸವರಾಜನೇ ಕಾಲೇಜಿಗೆ ಒಯ್ದ. ಪರೀಕ್ಷೆಗೆ ಕೂಡಿಸುತ್ತೇವೆ, ಆದರೆ ಬರುವ ಸೋಮವಾರದಿಂದ ತಪ್ಪದೆ ತರಗತಿಗೆ ಬರಬೇಕು ಎಂದರು ಅಲ್ಲಿಯವರು.

ಆ ಸೋಮವಾರವೇ ಅಂಜಿನವ್ವನಿಗೆ ಜ್ವರ ಬರಬೇಕೇ?

ಅದೇನೂ ದೊಡ್ಡ ಜ್ವರವಲ್ಲ. ನೆಗಡಿ, ಕೆಮ್ಮು, ಮೈ ಬೆಚ್ಚಗೆ. ಹೊದ್ದುಕೊಂಡು ಮಲಗಿದ ಅಜ್ಜಿಯನ್ನು ನೋಡಿ ಚೌಡೇಶ್ವರಿಯ ಮುಖ ಬಿಳಿಚಿತು. ಒಂದೇ ಸಲ ಕೈ ತೊಳೆದಳು. ಒಂದೇ ಸಲ ಬತ್ತಿ ಹಚ್ಚಿದಳು. ಬತ್ತಿ ಎಡಕ್ಕೆ ವಾಲಿ ಉರಿಯಿತು, ಅದನ್ನು ಹಾಗೇ ಬಿಟ್ಟಳು. ಚೀಲ ಹೆಗಲಿಗೇರಿಸಿ ಹೊಸ್ತಿಲವರೆಗೆ ಹೋದಳು. ಅಲ್ಲಿ ನಿಂತುಬಿಟ್ಟಳು. ರಸ್ತೆಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತು. ಆಶಾ ಅತ್ತೆಯ ಕಡೆ ನೋಡಿದಳು.

ಹುಡುಗಿ ಹಿಂದಿರುಗಿ ಅಜ್ಜಿಯ ತಲೆದೆಸೆಗೆ ಬಂದಳು. "ಅಜ್ಜಿ..."

ಅಂಜಿನವ್ವ ಕಣ್ಣು ತೆರೆದಳು. ಮೊಮ್ಮಗಳು ಏನು ಕೇಳುತ್ತಾಳೆಂದು ಗೊತ್ತಿತ್ತು. ಏನು ಹೇಳಿದರೆ ಈ ಮುಖ ಈಗಲೇ ಅರಳುತ್ತದೆಂಬುದೂ ಗೊತ್ತಿತ್ತು. ಆ ಸಂಜೆ ನಾಲಿಗೆಯ ತುದಿಗೆ ಬಂದಿದ್ದ ಮಾತು ಮತ್ತೆ ಅಲ್ಲೇ ಬಂದು ಕೂತಿತ್ತು, ಜ್ವರದ ಬಾಯಿಗೆ ಬೆಲ್ಲದ ಹಾಗೆ. ಅವಳು ಅದನ್ನು ನುಂಗಿದಳು.

"ದೀಪ ಸರಿ ಆತೋ ಇಲ್ವೋ ಗೊತ್ತಿಲ್ಲವ್ವ," ಎಂದಳು ಕೆಮ್ಮುತ್ತ. "ನಾನು ಇವತ್ತು ಸಾಯ್ತೀನೋ, ನಿನ್ನ ಮದುವೇಲಿ ಹೋಳಿಗೆ ತಿಂದು ಸಾಯ್ತೀನೋ, ಅದೂ ಗೊತ್ತಿಲ್ಲ. ಬಸ್ ಬಂದೈತೆ, ಅದೊಂದು ಗೊತ್ತು. ನಡಿ."

ಚೌಡೇಶ್ವರಿ ಅಜ್ಜಿಯ ಹಣೆ ಮುಟ್ಟಿದಳು. ಮುಟ್ಟಿದ ಕೈಯನ್ನು ತೊಳೆಯದೆ, ಹಾಗೇ ಚೀಲದ ಪಟ್ಟಿ ಬಿಗಿಹಿಡಿದುಕೊಂಡು ಓಡಿದಳು. ಬಸ್ಸು ನಿಂತ ಸದ್ದು, ಬಾಗಿಲು ಬಡಿದ ಸದ್ದು, ಆಮೇಲೆ ಬಸ್ಸು ಹರಿಹರದ ಕಡೆ ಹೋದ ಸದ್ದು.

"ಹತ್ತಿದಳೇನೇ?" ಎಂದಳು ಅಂಜಿನವ್ವ.

"ಹತ್ತಿದಳ್ರಿ ಅತ್ತೆ," ಎಂದು ಆಶಾ ಕಣ್ಣೊರೆಸಿಕೊಂಡಳು.

ಕರಿಬಸವರಾಜ ಬಿಸಿ ರೊಟ್ಟಿಯ ಮುಂದೆ ಕೂತು, ಇಷ್ಟು ಬೇಗ ಊಟ ಸಿಕ್ಕಿದ್ದು ಹೇಗೆಂದು ತಿಳಿಯದೆ ಸುತ್ತ ನೋಡಿದ.

ಆ ಹಗಲು ಅಂಜಿನವ್ವನಿಗೆ ಬಹಳ ಉದ್ದವಾಯಿತು. ಹುಡುಗಿ ತರಗತಿಯಲ್ಲಿ ಕೂತಳೋ, ಅತ್ತಳೋ, ನಳದ ಕೆಳಗೆ ಕೈ ಹಿಡಿದು ನಿಂತಳೋ? ಸೊಸೆಯನ್ನು ಕರೆದು, "ಒಂದು ಫೋನ್ ಮಾಡಿ ಕೇಳಾಣೇನು, ಎಲ್ಲ ಸರಿ ಐತಾ ಅಂತ?" ಎಂದಳು. ಆಶಾ ಹುಬ್ಬೇರಿಸಿ, "ಸರಿ ಐತಾ ಅಂತ ಕೇಳಂಗಿಲ್ಲ. ಪಥ್ಯ" ಎಂದಳು. ಅಂಜಿನವ್ವ ಮುಸುಕೆಳೆದುಕೊಂಡಳು. ಎದೆ ಹೊಡೆದುಕೊಂಡಿತು. ಹೊಡೆದುಕೊಳ್ಳಲೆಂದು ಬಿಟ್ಟಳು. ಮೆಲ್ಲಗೆ ಇಳಿಯಿತು. ನಿದ್ದೆಯೂ ಬಂತು, ಜ್ವರವೂ ಬೆವರಾಗಿ ಬಿಟ್ಟಿತು.

ಸಂಜೆ ಬಸ್ಸು ಬಂದು ನಿಂತ ಸದ್ದಾಯಿತು. ಅಂಗಳದಿಂದಲೇ ಕೂಗು ಕೇಳಿತು, ಚೀಲ ಇನ್ನೂ ಹೆಗಲ ಮೇಲೇ ಇರುವವಳ ಏದುಸಿರಿನ ಕೂಗು:

"ಅಜ್ಜೀ! ಬದುಕಿದೀಯೇನೇ?"

ಮುಸುಕಿನೊಳಗಿಂದ ಅಂಜಿನವ್ವ ಬೊಚ್ಚುಬಾಯಿ ತುಂಬ ನಗುತ್ತ ಕೂಗಿ ಹೇಳಿದಳು:

"ಗೊತ್ತಿಲ್ಲವ್ವ! ಒಳಗೆ ಬಂದು ನೋಡು!"